ಗಡಿಯಾರ ಹೊರಗಿಟ್ಟ ಕುಸ್ತಿ

ನಾನು ಬಸ್ ಕಂಡಕ್ಟರ್. ಮಂಡ್ಯದಿಂದ ಹೊರಟು ಮದ್ದೂರಿನ ಮೇಲೆ ಮಳವಳ್ಳಿ, ಅಲ್ಲಿಂದ ತಿರುಗಿ ಅದೇ ದಾರಿಯಲ್ಲಿ ಮಂಡ್ಯ. ಸ್ವಲ್ಪ ಮೊದಲು ಬಿಟ್ಟರೆ ಓಡೋಡಿ ಬಂದ ಮುದುಕಿ ನನ್ನ ವಂಶವನ್ನೆಲ್ಲ ಜಾಲಾಡುತ್ತಾಳೆ, ಸ್ವಲ್ಪ ತಡವಾದರೆ ನಿಲ್ದಾಣದ ಕಂಟ್ರೋಲರ್ ಕನ್ನಡಕ ಏರಿಸಿ ನನ್ನನ್ನೇ ನೋಡುತ್ತಾರೆ. ಹೀಗೆ ನಿಮಿಷಗಳ ಮೇಲೆ ಬದುಕುವ ನನಗೆ ದೇವರು ಗಂಟು ಹಾಕಿದ್ದು ಎಂಥವರನ್ನು ಅಂದರೆ, ಊಟಕ್ಕೆ ಕರೆದರೆ ಕೈ ತೊಳೆಯಲು ಹೋಗಿ ಸಾರು ಆರಿದ ಮೇಲೆ ಬರುವವರನ್ನು.

ನಮ್ಮವರು ಪೈಲ್ವಾನರು. ಯಲಿಯೂರಿನಲ್ಲಿ ರೈಲು ಹಳಿಯ ಆಚೆ ಒಂದಿಷ್ಟು ಕಬ್ಬಿನ ಗದ್ದೆ, ಕೊಟ್ಟಿಗೆಯಲ್ಲಿ ಹಸುಗಳು, ಅವೆರಡೂ ಹೊಟ್ಟೆಪಾಡಿಗೆ. ಜೀವ ಇರುವುದು ಗರಡಿಯ ಕೆಂಪು ಮಣ್ಣಿನಲ್ಲಿ. ಬೇರೆ ಪೈಲ್ವಾನರು ಕೈಕೊಟ್ಟ ಕೂಡಲೇ ಸುತ್ತು ಹಾಕುತ್ತಾರೆ, ಕಾಲಿಗೆ ನುಗ್ಗುತ್ತಾರೆ, ಮೈಮೇಲೆ ಹಾರುತ್ತಾರೆ. ನಮ್ಮವರು ನಿಲ್ಲುತ್ತಾರೆ. ಎದುರಾಳಿ ಎಳೆಯಲಿ, ನೂಕಲಿ, ಕುತ್ತಿಗೆಗೆ ಜೋತು ಬೀಳಲಿ, ಇವರು ಪಾದ ಕದಲಿಸುವುದಿಲ್ಲ. ಅವನ ಕಸುವೆಲ್ಲ ಸೋರಿಹೋದ ಮೇಲೆ ನಿಧಾನಕ್ಕೆ ಇವರ ಕುಸ್ತಿ ಶುರುವಾಗುತ್ತದೆ. ತೊಂದರೆ ಒಂದೇ. ಅದು ಶುರುವಾಗುವ ಹೊತ್ತಿಗೆ ಸರಿಯಾಗಿ ತೀರ್ಪುಗಾರರು ಪೀಪಿ ಊದುತ್ತಾರೆ. ಟೈಮು ಮುಗಿಯಿತು, ಜೋಡಿ ಸಮ, ಇಬ್ಬರೂ ಕೈಕುಲುಕಿ ಆಚೆ ನಡೆಯಿರಿ.

ಅವರು ಯಾರನ್ನೂ ಬೀಳಿಸಲಿಲ್ಲ, ಯಾರಿಂದಲೂ ಬೀಳಲಿಲ್ಲ. ಊರಿನವರು ಅವರಿಗೆ ಮೈಲಿಗಲ್ಲು ಅಂತ ಹೆಸರಿಟ್ಟಿದ್ದರು. ಕೇಳಿದಾಗ ನನಗೆ ಕೋಪ ಬರುತ್ತಿತ್ತು, ಮನೆಗೆ ಬಂದು ನಾನೇ ಹಾಗೆ ಕರೆಯುತ್ತಿದ್ದೆ.

ಮದುವೆಯಾದ ಹೊಸತರಲ್ಲಿ ನನ್ನ ತವರು ದುದ್ದದಲ್ಲಿ ಕುಸ್ತಿ ಏರ್ಪಾಡಾಯಿತು. ಅಳಿಯನ ಕುಸ್ತಿ ಅಂತ ನಮ್ಮಣ್ಣ ಊರಿಗೆಲ್ಲ ಸಾರಿ, ನೆಂಟರಿಗೆಲ್ಲ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದ. ನಾನು ರೇಷ್ಮೆ ಸೀರೆ ಉಟ್ಟು ಕುಳಿತಿದ್ದೆ. ಕುಸ್ತಿ ಶುರುವಾಯಿತು, ಇಬ್ಬರೂ ತೋಳಿಗೆ ತೋಳು ಕೊಟ್ಟು ನಿಂತರು. ನಿಂತೇ ಇದ್ದರು. ನಮ್ಮ ಸೋದರತ್ತೆ ಎದ್ದು ಮನೆಗೆ ಹೋಗಿ ಹಸು ಕರೆದು, ಡೈರಿಗೆ ಹಾಲು ಹಾಕಿ ವಾಪಸ್ಸು ಬಂದರೆ ಅವರಿಬ್ಬರೂ ಬಿಟ್ಟ ಜಾಗದಲ್ಲೇ ಇದ್ದರು. "ನಿನ್ ಗಂಡ ಕುಸ್ತಿ ಆಡ್ತಾವ್ನೋ, ಬಸ್ಗೆ ಕಾಯ್ತಾವ್ನೋ?" ಅಂತ ಅತ್ತೆ ಎಲ್ಲರಿಗೂ ಕೇಳುವಂತೆ ಕೇಳಿದಳು. ಮುಂದಿನ ಸಾಲು ಪೂರ್ತಿ ನಕ್ಕಿತು. ನನಗೂ ನಗು ಬಂತು, ಏನು ಮಾಡಲಿ.

ಆಮೇಲೆ ಮಣ್ಣಿನ ಜಾಗದಲ್ಲಿ ಮ್ಯಾಟು ಬಂತು, ಪಾಯಿಂಟು ಬಂತು. ಸುಮ್ಮನೆ ನಿಂತವನಿಗೆ ಎಚ್ಚರಿಕೆ ಕೊಟ್ಟು ಎದುರಾಳಿಗೆ ಪಾಯಿಂಟು ಹಾಕುವ ಕಾನೂನು ನಮ್ಮವರನ್ನು ನೋಡಿಯೇ ಮಾಡಿದ್ದೇನೋ ಎಂದು ನನಗೆ ಅನುಮಾನ. ಮಂಡ್ಯದಲ್ಲಿ ಒಮ್ಮೆ ಮ್ಯಾಟಿನ ಮೇಲೆ ಇಳಿದು, ಒಂದು ಸಲವೂ ಬೀಳದೆ ಸೋತು ಬಂದರು. "ಆಸ್ಗೆ ಮ್ಯಾಲೆ ನಿಂತಂಗಾಯ್ತದೆ ಕಣಮ್ಮಿ, ಕಾಲ್ ಊರಾಕಾಯ್ಕಿಲ್ಲ" ಅಂದರು. ಮತ್ತೆ ಮ್ಯಾಟಿನ ಕಡೆ ಹೋಗಲಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಹಳೇ ಗರಡಿಮನೆ ಇದೆ. ಗಿಡ್ಡ ಬಾಗಿಲು, ಸೂರಿನ ಹತ್ತಿರ ಒಂದೇ ಕಿಂಡಿ, ಒಳಗೆ ಎಣ್ಣೆ ಕುಡಿದ ಕೆಂಪು ಮಣ್ಣು. ಹೆಂಗಸರು ಒಳಗೆ ಹೋಗುವಂತಿಲ್ಲ. ಅಲ್ಲಿಯ ಉಸ್ತಾದರು ತುಂಬ ವಯಸ್ಸಾದವರು, ನಮ್ಮವರಿಗೆ ಪಟ್ಟು ಕಲಿಸಿದವರು. ಅವರ ಕಾಲದಲ್ಲಿ ಕುಸ್ತಿಗೆ ಹೊತ್ತಿನ ಲೆಕ್ಕ ಇರಲಿಲ್ಲವಂತೆ. ಯಾರಾದರೊಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೂ ಜನ ಕಡಲೆಕಾಯಿ ತಿನ್ನುತ್ತ ಕಾಯುತ್ತಿದ್ದರಂತೆ. "ನಿನ್ ಗಂಡ ನಮ್ ಕಾಲ್ದಲ್ಲಿ ಉಟ್ಬೇಕಾಗಿತ್ತು ಕಣವ್ವ, ಪೇಟ ಕಟ್ಟಿ ಮೆರಸ್ತಿದ್ರು" ಎಂದು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ನಾನೂ ಅದನ್ನೇ ಹಿಡಿದುಕೊಂಡೆ. ಯಾರಾದರೂ ಮೈಲಿಗಲ್ಲು ಅಂದರೆ, "ಅವ್ರು ಬ್ಯಾರೆ ಕಾಲ್ದಲ್ಲಿ ಉಟ್ಬೇಕಿತ್ತು, ತಪ್ಪಿ ಇಲ್ಲಿಗ್ ಬಂದವ್ರೆ" ಎನ್ನುತ್ತಿದ್ದೆ. ಮರ್ಯಾದೆ ಉಳಿಸಿಕೊಳ್ಳಲು ಒಳ್ಳೆಯ ಮಾತು.

ಹೀಗೆ ತಪ್ಪಿ ಬಂದವರು ಇನ್ನೊಬ್ಬರಿದ್ದರು, ಮಳವಳ್ಳಿ ಕಡೆಯವರು. ಮದ್ದೂರು ಮಾರುಕಟ್ಟೆಯಲ್ಲಿ ಎಳನೀರು ಲಾರಿಗೆ ತುಂಬುವ ಕೆಲಸ. ಅವರದೂ ನಿಲ್ಲುವ ಕುಸ್ತಿಯೇ. ಕುಸ್ತಿಗೆ ಮೊದಲು ಜೋಡಿ ಕಟ್ಟುವ ಪದ್ಧತಿ ಇದೆಯಲ್ಲ, ಹಿರಿಯರು ಇಬ್ಬರನ್ನು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, ಕಣ್ಣಳತೆಯಲ್ಲೇ ಸರಿ ಜೋಡಿ ಹೌದೋ ಅಲ್ಲವೋ ಹೇಳುವುದು, ಅದರಲ್ಲಿ ಎಲ್ಲ ಕಡೆಯೂ ಇವರಿಬ್ಬರೇ ಸರಿ ಜೋಡಿಯಾಗುತ್ತಿದ್ದರು. ಶಿವಪುರದಲ್ಲಿ ಸಮ, ಮಳವಳ್ಳಿಯಲ್ಲಿ ಸಮ, ಮಂಡ್ಯದಲ್ಲಿ ಸಮ. ಕೊನೆಗೆ ಕಮಿಟಿಯವರು ಕೈಮುಗಿದು, ಜನ ಎದ್ದು ಹೋಗುತ್ತಾರೆ, ದಯವಿಟ್ಟು ನೀವಿಬ್ಬರೂ ಒಂದೇ ದಿನ ಬರಬೇಡಿ ಅಂದರು.

ಹೋದ ವರ್ಷ ಕಬ್ಬು ಕಡಿದ ಮೇಲೆ ನಮ್ಮವರ ಮಂಡಿ ಊದಿತು. ಡಾಕ್ಟರು ನೋಡಿ, ಇನ್ನು ಕುಸ್ತಿ ಸಾಕು ಅಂದರು. ಮನೆಗೆ ಬಂದು ಮುದ್ದೆ ಮುರಿಯುತ್ತ ಕುಳಿತರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಒಂದೇ ಒಂದ್ಸಲ ಕುಸ್ತಿ ಮುಗೀಬೇಕು ಕಣಮ್ಮಿ."

"ಗೆಲ್ಬೇಕು ಅನ್ನಿ."

"ಗೆಲ್ಲದು ಆಮ್ಯಾಕೆ. ಮುಗೀಬೇಕು. ಅಲ್ಲೀಗಂಟ ಯಾರೂ ಪೀಪಿ ಊದ್ಬಾರ್ದು. ಗಡಿಯಾರ ಇಲ್ದೋದ್ರೆ ನಾನು ಏನಾಯ್ತಿದ್ದೆ ಅಂತ ನಂಗ್ ಗೊತ್ತಾಗ್ಬೇಕು. ಸುಮ್ಕೆ ನಿಂತ್ಕೊಂಡೇ ವಯಸ್ಸಾಗೋಯ್ತು."

ಆ ಮಾತು ನನ್ನ ಎದೆಗೆ ನಾಟಿತು. ನಾನು ಬೇರೆಯವರ ಬಾಯಿ ಮುಚ್ಚಿಸಲು ಹೇಳುತ್ತಿದ್ದ ಮಾತನ್ನು ಅವರು ನಿಜವೋ ಸುಳ್ಳೋ ಎಂದು ಇಷ್ಟು ವರ್ಷ ಒಳಗೊಳಗೇ ಕೇಳಿಕೊಳ್ಳುತ್ತಿದ್ದರು. ಮಂಡಿ ಪೂರ್ತಿ ಕೈಕೊಡುವ ಮೊದಲು ಉತ್ತರ ಬೇಕಿತ್ತು ಅವರಿಗೆ.

ಮಾರನೆಯ ದಿನವೇ ನಾನು ಮದ್ದೂರಿನಲ್ಲಿ ಬಸ್ಸು ನಿಂತಾಗ ಎಳನೀರು ಲಾರಿಯ ಹತ್ತಿರ ಹೋಗಿ ಮಳವಳ್ಳಿಯವರಿಗೆ ವಿಷಯ ಮುಟ್ಟಿಸಿದೆ. ಅವರು ಗೊನೆ ಕೆಳಗಿಟ್ಟು, "ಯಾವತ್ತು?" ಅಂದರು, ಅಷ್ಟೇ. ಉಸ್ತಾದರಿಗೆ ಹೇಳಿದಾಗ ಅವರ ಕಣ್ಣು ತುಂಬಿತು. ಹಳೇ ಪದ್ಧತಿಯಲ್ಲೇ ಆಗಲಿ ಎಂದು ಅವರೇ ಕಟ್ಟಳೆ ಹಾಕಿದರು. ಕೈಗಡಿಯಾರ, ಮೊಬೈಲು ಎಲ್ಲ ಬಾಗಿಲ ಆಚೆ ಕುಕ್ಕೆಯಲ್ಲಿರಬೇಕು. ಪೀಪಿ ಬೇಡ. ಬೆನ್ನು ಮಣ್ಣಿಗೆ ತಾಗುವವರೆಗೂ ಕುಸ್ತಿ.

ಆ ದಿನ ರಜೆ ಕೇಳಿದೆ, ಸಿಗಲಿಲ್ಲ. ಬೇರೆಯವರ ಜೊತೆ ಡ್ಯೂಟಿ ಬದಲಾಯಿಸಲು ನೋಡಿದೆ, ಯಾರೂ ಒಪ್ಪಲಿಲ್ಲ. ಹಾಗಾಗಿ ನಮ್ಮವರು ಬೆಳಗಿನ ಟ್ರಿಪ್ಪಿನಲ್ಲಿ ನನ್ನ ಬಸ್ಸಿಗೇ ಹತ್ತಿ, ನನ್ನ ಹತ್ತಿರವೇ ಟಿಕೆಟ್ ತೆಗೆದುಕೊಂಡು ಕುಸ್ತಿಗೆ ಹೊರಟರು. ಹೆಂಗಸರಿಗೆ ಬಸ್ಸು ಪುಕ್ಕಟೆ, ಪೈಲ್ವಾನರಿಗಲ್ಲ. ಗರಡಿಯ ಹತ್ತಿರ ಇಳಿಯುವಾಗ, "ಓಯ್ತೀನಿ" ಅಂದರು. ಹುಷಾರು ಅನ್ನಬೇಕು ಅಂತಿದ್ದೆ, ಬಾಯಲ್ಲಿ "ಬೇಗ ಇಳೀರಿ, ಟೈಮಾಯ್ತು" ಎಂಬುದೇ ಬಂತು.

ನಮ್ಮ ಡ್ರೈವರಿಗೆ ಒಂದು ಗುಣ. ಅವರ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಸುದ್ದಿ ನಿಲ್ಲುವುದಿಲ್ಲ. ಮಳವಳ್ಳಿ ತಲುಪುವ ಹೊತ್ತಿಗೆ ಗಡಿಯಾರವಿಲ್ಲದ ಕುಸ್ತಿಯ ವಿಷಯ ಇಡೀ ಬಸ್ಸಿಗೆ ಗೊತ್ತಾಗಿತ್ತು, ನಿಲ್ದಾಣದಲ್ಲಿ ಟೀ ಕುಡಿಯುವಷ್ಟರಲ್ಲಿ ಅರ್ಧ ಮಳವಳ್ಳಿಗೆ. ವಾಪಸ್ಸು ಹೊರಟಾಗ ಮಂಡ್ಯಕ್ಕೆ ಕೆಲಸವೇ ಇಲ್ಲದ ನಾಲ್ಕಾರು ಮುದುಕರು, ತಲೆಗೆ ಟವೆಲು ಸುತ್ತಿಕೊಂಡು ಹತ್ತಿದರು. "ಗರಡಿಗೆ ಒಂದ್ ಟಿಕೀಟು" ಅಂದರು. ಅಂಥ ಸ್ಟಾಪೇ ಇಲ್ಲ ಎಂದರೆ, "ಇಳಿಸ್ದೆ ಎಲ್ಲೋಯ್ತೀಯ" ಅಂದರು. ಅಷ್ಟು ಹೊತ್ತಿಗೆ ಕುಸ್ತಿ ಯಾವಾಗಲೋ ಮುಗಿದಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಟಿಕೆಟ್ ಮೆಷಿನ್ನಿನಲ್ಲಿ ಎರಡು ಸಲ ತಪ್ಪು ಒತ್ತಿದೆ.

ಗರಡಿ ಮುಂದೆ ಬಸ್ಸು ನಿಂತಿತು. ಬಾಗಿಲಲ್ಲಿದ್ದ ಒಬ್ಬ, "ಇನ್ನೂ ನಿಂತವ್ರೆ" ಅಂದ. ಅಷ್ಟೇ ಸಾಕಾಯಿತು. ಮುದುಕರ ಹಿಂದೆ ಇಡೀ ಬಸ್ಸೇ ಇಳಿಯಿತು. ಸೊಪ್ಪಿನ ಗಂಟಿನ ಹೆಂಗಸರು, ಕಾಲೇಜಿನ ಹುಡುಗಿಯರು, ಕೋರ್ಟಿಗೆ ಹೊರಟಿದ್ದ ಒಬ್ಬರು ಬಿಳಿ ಅಂಗಿಯವರು, ಎಲ್ಲರೂ ಬಾಗಿಲಿಗೆ ಮುತ್ತಿಕೊಂಡರು. ನಾನೂ ಯೂನಿಫಾರ್ಮಿನಲ್ಲೇ ನುಗ್ಗಿ, ಹೊಸ್ತಿಲು ದಾಟದೆ, ಬಗ್ಗಿ ಒಳಗೆ ನೋಡಿದೆ.

ಅಲ್ಲಿ ಕಂಡದ್ದನ್ನು ನಾನು ಇಷ್ಟು ವರ್ಷ ಒಮ್ಮೆಯೂ ನೋಡಿರಲಿಲ್ಲ. ಮೈದಾನದಲ್ಲಿ ದೂರದಿಂದ ನೋಡಿದಾಗ ಅವರು ಕಲ್ಲಿನ ಹಾಗೆ ಕಾಣುತ್ತಿದ್ದರು. ಹತ್ತಿರದಿಂದ ನೋಡಿದರೆ ಅದರಲ್ಲಿ ಕಲ್ಲಿನದು ಏನೂ ಇರಲಿಲ್ಲ. ಹಣೆಗೆ ಹಣೆ ಒತ್ತಿತ್ತು. ಬೆನ್ನಿನ ಸ್ನಾಯು ಒಂದೊಂದೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತಿತ್ತು. ಹೆಬ್ಬೆರಳು ಮಣ್ಣನ್ನು ಅಷ್ಟಷ್ಟೇ ತೋಡುತ್ತಿತ್ತು, ಅಂಗೈ ತೋಳಿನ ಮೇಲೆ ಕೂದಲೆಳೆಯಷ್ಟು ಜರುಗುತ್ತಿತ್ತು, ಅದು ಜರುಗಿದ ಕೂಡಲೇ ಆಚೆಯವರ ಸೊಂಟ ಅಷ್ಟೇ ತಿರುಗುತ್ತಿತ್ತು. ಯಾರೂ ಕೂಗುತ್ತಿರಲಿಲ್ಲ. ಉಸ್ತಾದರು ಗೋಡೆಗೊರಗಿ ಕುಳಿತು, ಬಾಯಿ ತೆರೆದು ನೋಡುತ್ತಿದ್ದರು. ನಮ್ಮವರ ಮುಖದಲ್ಲಿ ಅವಸರವೇ ಇರಲಿಲ್ಲ. ಅಷ್ಟು ಸುಖವಾಗಿ ಇರುವ ಅವರನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ಇವರಿಗೆ ಮೈಲಿಗಲ್ಲು ಅಂದ ನನ್ನ ಬಾಯಿಗೆ ಹುಳ ಬೀಳಲಿ ಅನಿಸಿತು.

ಎಷ್ಟು ಹೊತ್ತು ಹಾಗೆ ನೋಡಿದೆನೋ. ಡ್ರೈವರ್ ಹಾರ್ನ್ ಹೊಡೆದಾಗ ಎಚ್ಚರವಾಯಿತು. ಮಂಡ್ಯ, ಕಂಟ್ರೋಲರು, ಕನ್ನಡಕ, ಎಲ್ಲ ಒಟ್ಟಿಗೆ ನೆನಪಾದವು. "ಅತ್ತಿ, ಎಲ್ರೂ ಅತ್ತಿ" ಎಂದು ಕೂಗಿದೆ. ಒಬ್ಬರೂ ಅಲ್ಲಾಡಲಿಲ್ಲ. ಬಿಳಿ ಅಂಗಿಯವರು ಹಿಂತಿರುಗಿ ನೋಡದೆ, "ವಸಿ ತಡೀರಮ್ಮ" ಅಂದರು. ನನಗೂ ತಡೆಯುವ ಆಸೆಯೇ ಇತ್ತು, ಅದಕ್ಕೇ ಸಿಟ್ಟು ಎರಡರಷ್ಟಾಯಿತು. ಕೊರಳಲ್ಲಿದ್ದ ಪೀಪಿ ಬಾಯಿಗಿಟ್ಟು, ನಿಂತ ಜಾಗದಲ್ಲೇ, ಉಸಿರು ಇರುವಷ್ಟೂ ಊದಿದೆ.

ಪೀಪಿಗೆ ಜನ ಬೆದರಿ ಓಡಿ ಹತ್ತಿದರು. ಒಳಗಿನಿಂದ ಗದ್ದಲ ಕೇಳಿತು. ಏನೆಂದು ನೋಡುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತ್ತು, ನಾನು ಓಡಿ ಫುಟ್‌ಬೋರ್ಡು ಹಿಡಿದೆ.

ಮಂಡ್ಯದಲ್ಲಿ ಇಳಿದಾಗ ಗರಡಿಯವರೊಬ್ಬರ ಫೋನು ಬಂತು. "ನಿಮ್ಮೋರು ಬಿದ್ರು ಕಣಮ್ಮ. ಬೆನ್ ಪೂರ್ತಿ ಮಣ್ಣು. ಚಿತ್ತು" ಅಂದರು.

ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕುಳಿತೆ. ಊಟದ ಡಬ್ಬಿ ತೆರೆಯಲಿಲ್ಲ. ಇಷ್ಟು ವರ್ಷ ಕಾದು, ಅವರಿಗೆ ಸಿಕ್ಕ ಉತ್ತರ ಇದೇನಾ ಎಂದು ದುಃಖವಾಯಿತು. ಬೇರೆ ಕಾಲದಲ್ಲಿ ಹುಟ್ಟಿದ್ದರೂ ಇವರು ಇಷ್ಟೇ ಆಗುತ್ತಿದ್ದರು ಅಂತ ಇನ್ನು ಊರು ಹೇಳುತ್ತದೆ. ಮನೆಗೆ ಹೋದರೆ ಮುಖ ಹೇಗೆ ನೋಡಲಿ ಎಂದೂ ಅನಿಸಿತು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಗರಡಿಯ ಮುಂದೆ ಇಬ್ಬರೂ ನಿಂತಿದ್ದರು. ನಮ್ಮವರು ರಸ್ತೆಯ ಆಚೆ, ಮಂಡ್ಯದ ಬಸ್ಸಿಗೆ ಕಾಯುತ್ತ, ನನಗೆ ಕೈ ಬೀಸಿದರು. ವಾಪಸ್ಸು ಬರುವಾಗ ಹತ್ತುತ್ತೇನೆ ಎಂಬ ಸನ್ನೆ. ಮಳವಳ್ಳಿಯವರು ನನ್ನ ಬಸ್ಸು ಹತ್ತಿದರು. ಗೆದ್ದವರ ಮುಖ ಗೆದ್ದ ಹಾಗಿರಲಿಲ್ಲ. ಟಿಕೆಟ್ ಕೊಡಲು ಹೋದೆ. ಪಕ್ಕದ ಸೀಟು ತೋರಿಸಿ, "ವಸಿ ಕೂತ್ಕೊ ಕಣಮ್ಮ, ಒಂದ್ ಮಾತ್ ಯೋಳ್ಬೇಕು" ಅಂದರು. ಕುಳಿತೆ.

"ಆ ಪೀಪಿ ಊದುದ್ದು ನೀನೇ ತಾನೆ?"

"ಬಸ್ಗೆ ಜನ ಅತ್ಲಿ ಅಂತ ಊದ್ದೆ."

"ನಂಗೇನ್ ಗೊತ್ತು. ಪೀಪಿ ಕೇಳ್ತು ಅಂದ್ರೆ ಕೈ ಬುಡೋದು ಮೈಗೇ ಬಂದೋಗದೆ. ಪೀಪಿ ಇಲ್ಲ ಅಂತ ಉಸ್ತಾದ್ರು ಯೋಳಿದ್ರು, ಆದ್ರೂ ಬುಟ್ಬುಟ್ಟೆ. ಎರಡೂ ಕೈ ಕೆಳಿಕ್ ಬುಟ್ಕಂಡು ನಿಂತ್ಕೊಬುಟ್ಟೆ ಕಣಮ್ಮ, ಕುರಿ ನಿಂತಂಗೆ."

ಅವರು ಕಿಟಕಿಯಾಚೆ ನೋಡುತ್ತ ಮುಂದುವರಿಸಿದರು.

"ಅದುಕ್ ಮುಂಚೆನೇ ನಿನ್ ಗಂಡ ನನ್ ಸೊಂಟದ್ ಒಳೀಕ್ ಬಂದ್ಬುಟ್ಟಿದ್ದ. ಬೆಳಿಗ್ಗಿಂದ ಅಷ್ಟಷ್ಟೇ ಬಂದು ಬಂದು. ಇನ್ನೊಂದ್ ಉಸ್ರಿಗೆ ನಾನು ಬೀಳ್ತಿದ್ದೆ, ನಂಗ್ ಗೊತ್ತಿತ್ತು. ಆ ಪೀಪಿ ನಿಂದು ಅಂತ ಅವ್ನ್ ಒಬ್ನಿಗೇ ಗೊತ್ತಾಗಿದ್ದು, ನಿಮ್ಮೂರ್ ಮುಂದೆ ಬಸ್ ಓಗೋವಾಗ ದಿನಾ ಕೇಳೋನು ಅವ್ನೇ ಅಲ್ವಾ. ಅವ್ನು ಕೈ ಬುಟ್ಟಿರ್ಲಿಲ್ಲ. ಒಂದ್ ಕಿತ ಎತ್ತಿದ್ರೆ ಮುಗೀತು. ನಾನು ಏನೂ ಅಂತಿರ್ಲಿಲ್ಲ, ಉಸ್ತಾದ್ರೂ ಏನೂ ಅಂತಿರ್ಲಿಲ್ಲ."

"ಎತ್ತಲಿಲ್ವಾ?"

"ನಿಂತ್ಕಂಡ. ನನ್ ಮುಖ ನೋಡ್ದ. 'ಅದು ನಮ್ಮೆಂಡ್ರು ಪೀಪಿ ಕಣ್ಲಾ, ಇಡ್ಕೊ' ಅಂದ. ಹಿಂದಿಕ್ ಸರ್ದು, ಮೊದ್ಲಿಂದ ಕೈ ಕೊಟ್ಟ. ಬೆಳಿಗ್ಗಿಂದ ಮಾಡಿದ್ದನ್ನೆಲ್ಲ ಬುಟ್ಕೊಟ್ಟು ಮೊದ್ಲಿಂದ. ಅವ್ನ್ ಮಂಡಿ ಸೋತೋಗಿತ್ತು, ನಂಗ್ ಕಾಣ್ತು. ಎತ್ ಆಕ್ಬುಟ್ಟೆ." ಅಂಗೈಗೆ ಅಂಟಿದ ಮಣ್ಣು ಉಜ್ಜಿಕೊಳ್ಳುತ್ತ, "ಆಕ್ದೆ ಇದ್ರೆ ಅವ್ನಿಗ್ ಅವಮಾನ ಆಯ್ತಿತ್ತು ಕಣಮ್ಮ" ಎಂದರು.

ಮಳವಳ್ಳಿಯಲ್ಲಿ ಅವರು ಇಳಿದು, ಬಸ್ಸಿನ ಕೆಳಗಿನಿಂದ ನನಗೆ ಕೈಮುಗಿದು ಹೋದರು. ಅವರು ಕೈಮುಗಿದದ್ದು ನನಗಲ್ಲ ಎಂದು ನನಗೆ ಗೊತ್ತಿತ್ತು.

ಸಂಜೆ ವಾಪಸ್ಸಿನ ಟ್ರಿಪ್ಪಿನಲ್ಲಿ ನಮ್ಮವರು ಹತ್ತಿದರು. ಒಂದು ಕಾಲು ಎಳೆದು ಹಾಕುತ್ತಿದ್ದರು. ಕತ್ತಿನವರೆಗೂ ಕೆಂಪು ಮಣ್ಣು, ಅಂಗಿಯ ಬೆನ್ನಿನಲ್ಲೆಲ್ಲ ಅದರ ಕಲೆ. ಮುಖ ಮಾತ್ರ ಬೆಳಗಿನದಲ್ಲ, ಪರೀಕ್ಷೆ ಬರೆದು ಮುಗಿಸಿದವರ ಮುಖ. ಬೀಳುವುದು ಹೇಗಿರುತ್ತದೆ ಅಂತ ಇಷ್ಟು ದಿನ ಗೊತ್ತಿರಲಿಲ್ಲ, ಗರಡಿಯ ಹೆಂಚುಗಳಲ್ಲಿ ಎರಡು ಒಡೆದಿವೆ, ಅಂಗಾತ ಬಿದ್ದಾಗಲೇ ಕಂಡದ್ದು, ಉಸ್ತಾದರಿಗೆ ಹೇಳಿ ಬಂದೆ ಎಂದರು. ಸೋತ ಗಂಡಸು ಹೀಗೆ ಮಾತಾಡುತ್ತಾನೆಯೇ ಎಂದು ಆಚೆ ಸಾಲಿನ ಮುದುಕಿ ಅವರನ್ನೇ ನೋಡುತ್ತಿದ್ದಳು.

ನಾನು ಟಿಕೆಟ್ ಹರಿದು ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದೆ. "ನನ್ ಪೀಪಿ ಅಂತ ಗೊತ್ತಿತ್ತಲ್ಲ. ಯಾಕ್ ಎತ್ಲಿಲ್ಲ?"

ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಟಿಕೆಟನ್ನು ನಿಧಾನವಾಗಿ ಮಡಿಸಿ ಜೇಬಿಗಿಟ್ಟರು. ಬಸ್ಸು ಮದ್ದೂರು ದಾಟಿತು. ಇವರ ಉತ್ತರ ಮಂಡ್ಯದಲ್ಲೇ ಬರುವುದು ಎಂದು ನಾನು ಎದ್ದೆ. ಆಗ ನನ್ನ ಸೆರಗಿನ ತುದಿ ಹಿಡಿದು ಕೂರಿಸಿದರು.

"ಎತ್ತಿದ್ರೆ ಪೀಪಿನೇ ಗೆದ್ದಂಗಾಯ್ತಿತ್ತು ಕಣಮ್ಮಿ. ಇಷ್ಟ್ ವರ್ಸವೂ ಅದೇ ಗೆದ್ದಿದ್ದು. ಇವತ್ತು ನಮ್ಮಿಬ್ರಲ್ ಒಬ್ಬ ಗೆದ್ದ."

ಹೇಳಿ ಅವರು ನಿದ್ದೆ ಹೋದರು, ಕೂತಲ್ಲೇ, ಬಾಯಿ ಸ್ವಲ್ಪ ತೆರೆದು. ಹಿಂದಿನ ಸೀಟುಗಳಲ್ಲಿ ಟಿಕೆಟ್ ಇಲ್ಲದವರು ಇನ್ನೂ ಇದ್ದರು, ನಾನು ಏಳಲಿಲ್ಲ. ಬೇರೆ ಕಾಲದಲ್ಲಿ ಹುಟ್ಟಬೇಕಾಗಿದ್ದ ಮನುಷ್ಯ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಹಾಗೆ ಹುಟ್ಟಿಬಿಟ್ಟಿದ್ದರೆ ನನಗೆ ಸಿಗುತ್ತಿರಲಿಲ್ಲವಲ್ಲ ಎಂದು ಅವತ್ತು ಮೊದಲ ಸಲ ಹೊಳೆದು, ಭಯವೇ ಆಯಿತು.